ಓದನ್ನು ನಿಲ್ಲಿಸಿದ ಹಖಾಮ್ ಮೆನಾಷೆ

ನಮ್ಮ ಯೆಹೂದಿ ಧರ್ಮಗ್ರಂಥವಾದ ತೋರಾದ ವಾರದ ಪಾಠವನ್ನು ವಿವರಿಸುವವರಿಗೆ ಜೆರುಸಲೇಮಿನಲ್ಲಿ ಎಂದೂ ಬರ ಬಂದದ್ದಿಲ್ಲ. ಶನಿವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಮಧ್ಯಾಹ್ನ ಮಾರುಕಟ್ಟೆಯ ಹಿಂದಿನ ನಮ್ಮ ಗಲ್ಲಿಗಳಲ್ಲಿ ಕಾಲು ಗಂಟೆ ನಡೆದರೆ ಸಾಕು, ಹತ್ತು ಕಿಟಕಿಗಳಿಂದ ಹತ್ತು ವ್ಯಾಖ್ಯಾನಗಳು ಕಿವಿಗೆ ಬೀಳುತ್ತವೆ. ಪದದ ಬೇರು ಅಗೆಯುವವರಿದ್ದಾರೆ, ಅಕ್ಷರಗಳ ಲೆಕ್ಕ ಹಾಕಿ ಗುಟ್ಟು ಬಿಡಿಸುವವರಿದ್ದಾರೆ, ಬಿಡಿಸಿದ್ದನ್ನು ಮತ್ತೆ ಗಂಟು ಹಾಕುವವರೂ ಇದ್ದಾರೆ. ಇವರೆಲ್ಲರ ನಡುವೆ ನಲವತ್ತಾರು ವರ್ಷಗಳ ಕಾಲ, ಅಲೆಪ್ಪೊದಿಂದ ಬಂದವರ ನಮ್ಮ ಪುಟ್ಟ ಪ್ರಾರ್ಥನಾಲಯದ ಪಕ್ಕದ ಕೋಣೆಯಲ್ಲಿ ಕುಳಿತು, ಪ್ರತಿ ವಾರದ ಪಾಠದಿಂದಲೂ ಬದುಕಿಗೆ ಬೇಕಾದ ಒಂದೇ ಒಂದು ಮಾತನ್ನು ಹೆಕ್ಕಿ ನಮ್ಮ ಕೈಗಿಟ್ಟವರು ಪೂಜ್ಯ ಹಖಾಮ್ ಮೆನಾಷೆ ಝಫ್ರಾನಿಯವರು. ಹಖಾಮ್ ಎಂದರೆ ನಮ್ಮಲ್ಲಿ ಜ್ಞಾನಿ, ಧರ್ಮಗುರು. ಎಪ್ಪತ್ತೊಂಬತ್ತರ ಈ ವಯಸ್ಸಿನಲ್ಲಿ ಅವರು ನಿವೃತ್ತರಾಗುತ್ತಿದ್ದಾರೆಂದು ಈ ಅಭಿನಂದನಾ ಸಂಪುಟದ ಮುಖಪುಟ ಹೇಳುತ್ತದೆ. ಮುಖಪುಟ ಹೇಳುವುದು ಸುಳ್ಳು. ಅವರು ನಿವೃತ್ತರಾಗುತ್ತಿಲ್ಲ, ಅವರನ್ನು ಹೊರಗೆ ಹಾಕಲಾಗಿದೆ.

ಈ ಲೇಖನವನ್ನು ಕೇಳಲು ಬಂದ ಪ್ರಾರ್ಥನಾಲಯ ಸಮಿತಿಯ ಸದಸ್ಯರು ಬಹಳ ಸೌಜನ್ಯದಿಂದಲೇ ಕೇಳಿದರು. “ಸರೀನಾ ಅವರೇ, ನೀವು ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ತೋರಾ ಪಾಠ ಮಾಡ್ತಿರೋರು, ಹಖಾಮರ ಶಿಷ್ಯೆ. ಒಂದೆರಡು ಸಿಹಿ ನೆನಪು ಬರೆದುಕೊಡಿ. ಆ ಬೆಳ್ಳಿ ವಿಷಯ ಮಾತ್ರ ಬೇಡ, ಹಳೇದು, ಬಿಟ್ಟುಬಿಡಿ” ಎಂದರು. ಸಿಹಿ ಬೇಕಿದ್ದರೆ ಮಾರುಕಟ್ಟೆಯಲ್ಲಿ ಎರಡು ಬಕ್ಲಾವಾ ಅಂಗಡಿಗಳಿವೆ. ನಾನು ಬೆಳ್ಳಿಯ ವಿಷಯವನ್ನೇ ಬರೆಯುತ್ತೇನೆ. ಒಂದು ಸಾಲನ್ನು ಕತ್ತರಿಸಿದರೂ ಇಡೀ ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆಂದು ಸಂಪಾದಕರಿಗೆ ಬರೆದುಕೊಟ್ಟ ಮೇಲೆಯೇ ಈ ಪುಟಗಳನ್ನು ಅವರ ಕೈಗೆ ಕೊಟ್ಟಿದ್ದೇನೆ.

ಹಖಾಮರ ಬೋಧನೆಯ ರೀತಿಯನ್ನು ಮೊದಲು ಹೇಳಬೇಕು, ಏಕೆಂದರೆ ಎಲ್ಲವೂ ಅಲ್ಲಿಂದಲೇ ಹುಟ್ಟಿದ್ದು. ಹಗಲೆಲ್ಲ ಅವರು ಗಂಡುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು, ಸಬ್ಬತ್ತಿನ ಬೆಳಗ್ಗೆ ಸಭೆಯ ಮುಂದೆ ತೋರಾ ಓದುತ್ತಿದ್ದರು, ಮಧ್ಯಾಹ್ನ ಪಾಠ ಹೇಳುತ್ತಿದ್ದರು. ಕೋಣೆಯೊಳಗೆ ಗಂಡಸರಿಗೆ ಮಾತ್ರ ಪ್ರವೇಶವಿದ್ದುದರಿಂದ ಹೆಂಗಸರು ಅಂಗಳದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಹಖಾಮರು ಈ ಬಗ್ಗೆ ಯಾರೊಡನೆಯೂ ವಾದಕ್ಕೆ ಹೋಗಲಿಲ್ಲ. ಪಾಠ ಆರಂಭವಾದ ಎರಡನೆಯ ವಾರವೇ ತಮ್ಮ ಕುರ್ಚಿಯನ್ನು ಎತ್ತಿ ಹೊಸ್ತಿಲ ಮೇಲಿಟ್ಟರು. ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ. ಗಾಳಿ ಬರುವುದಿಲ್ಲವೆಂದು ಗೊಣಗಿದ ಗಂಡಸರಿಗೆ, “ಬೇಕಾದ್ರೆ ನೀವೂ ಅಂಗಳಕ್ಕೆ ಬನ್ನಿ, ಜಾಗ ಬೇಕಾದಷ್ಟಿದೆ” ಎಂದರಂತೆ.

ಅವರ ಪಾಠಕ್ಕೆ ಒಂದೇ ನಿಯಮ. ತೋರಾದ ಮಾತನ್ನು ಯಾರೂ ಇನ್ನೊಬ್ಬರತ್ತ ತಿರುಗಿಸುವಂತಿಲ್ಲ. ನೋಹನ ಜಲಪ್ರಳಯದ ವಾರದಲ್ಲಿ ಯಾರಾದರೂ ಆ ಕಾಲದ ಜನರ ದುಷ್ಟತನವನ್ನು ಬಣ್ಣಿಸತೊಡಗಿದರೆ, “ಅವರು ಮುಳುಗಿ ಹೋದ್ರಪ್ಪ, ಅವರನ್ನ ಬಿಡು. ಈ ವಾರ ನೀನು ಯಾರಿಗೆ ಬಾಗಿಲು ಹಾಕಿದೆ, ಅದನ್ನ ಹೇಳು” ಎನ್ನುತ್ತಿದ್ದರು. ಅಬ್ರಹಾಮನ ಗುಡಾರದ ಅತಿಥಿಗಳ ವಾರದಲ್ಲಿ, ಅವನ ಹೆಂಡತಿ ಸಾರಾ ನಕ್ಕದ್ದೇಕೆ ಎಂಬ ಚರ್ಚೆ ಎದ್ದರೆ, ಮನೆಗೆ ಬಂದ ಅತ್ತಿಗೆಗೆ ನೀರಾದರೂ ಕೊಟ್ಟೆಯಾ ಎಂದು ಕೇಳುತ್ತಿದ್ದರು. ಉತ್ತರ ನಮ್ಮದೇ ಬಾಯಿಂದ ಬರಬೇಕು, ‘ನಾನು’ ಎಂದೇ ಆರಂಭವಾಗಬೇಕು. ಬೆಂಚಿನ ಮೇಲಿದ್ದ ಹೆಂಗಸರು ಹೀಗೆ ಸಿಕ್ಕಿಬಿದ್ದ ತಮ್ಮ ಗಂಡಂದಿರನ್ನು ಕಂಡು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿ ನಗುತ್ತಿದ್ದರು, ಮುಂದಿನ ವಾರ ತಾವೇ ಸಿಕ್ಕಿಬೀಳುತ್ತಿದ್ದರು.

ಮೂವತ್ತೆಂಟು ವರ್ಷಗಳ ಹಿಂದಿನ ಮಾತು. ನನಗೆ ಹತ್ತು ವರ್ಷ. ಅಪ್ಪ ತೀರಿಹೋಗಿದ್ದರು. ಅಮ್ಮ ಬಹಿಯೆ ಪ್ರಾರ್ಥನಾಲಯದ ನೆಲ ಒರೆಸಿ, ಮೇಜುಬಟ್ಟೆ ಒಗೆದು, ಹೊಸ ವರ್ಷದ ಹಬ್ಬಕ್ಕೆ ಮುಂಚೆ ಬೆಳ್ಳಿಯನ್ನೆಲ್ಲ ತಿಕ್ಕಿ ಹೊಳಪು ಕೊಟ್ಟು ನಮ್ಮಿಬ್ಬರ ಹೊಟ್ಟೆ ಹೊರೆಯುತ್ತಿದ್ದಳು. ಆ ವರ್ಷ ಗುರುವಾರ ಸಂಜೆ ತಿಕ್ಕಿದ ಬೆಳ್ಳಿಯನ್ನು ಜೋಡಿಸಿ ನೋಡಿದಾಗ ಒಂದು ಜೊತೆ ದಾಳಿಂಬೆ ಕಡಿಮೆ ಇತ್ತು. ತೋರಾ ಸುರುಳಿಯ ಪೆಟ್ಟಿಗೆಯ ಮೇಲೆ ಸಿಕ್ಕಿಸುವ, ಗೆಜ್ಜೆ ಕಟ್ಟಿದ ಬೆಳ್ಳಿಯ ದಾಳಿಂಬೆಗಳು. ಅಮ್ಮ ಹುಡುಕಿದಳು, ಸಿಗಲಿಲ್ಲ. ಶುಕ್ರವಾರ ಬೆಳಗ್ಗೆ ನಮ್ಮ ಬಾಗಿಲ ಕೆಳಗಿನಿಂದ ಒಂದು ಚೀಟಿ ಒಳಗೆ ತೂರಿತು. ಇನ್ನು ಮುಂದೆ ಕೆಲಸಕ್ಕೆ ಬರುವುದು ಬೇಡ, ಇಷ್ಟೇ. ಸಹಿ ಇಲ್ಲ, ಕಾರಣ ಇಲ್ಲ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಆ ಚೀಟಿಯನ್ನು ಅವಳಿಗೆ ಓದಿ ಹೇಳಿದವಳು ನಾನು. ಮಧ್ಯಾಹ್ನ ನಾನು ರೊಟ್ಟಿ ತರಲು ಹೋದಾಗ ಅಂಗಡಿಯಲ್ಲಿ ಮಾತು ನಿಂತಿತು. ಚೀಟಿಯಲ್ಲಿ ಬರೆಯದ ಕಾರಣ ಗಲ್ಲಿಗೆಲ್ಲ ಗೊತ್ತಿತ್ತು.

ಮರುದಿನ ಅಮ್ಮ ಮನೆಯಿಂದ ಹೊರಬರಲಿಲ್ಲ. ನಾನು ಒಬ್ಬಳೇ ಹೆಂಗಸರ ಉಪ್ಪರಿಗೆಗೆ ಹೋಗಿ, ಕಂಬದಿಂದ ಮೂರನೆಯದಾದ ಅಮ್ಮನ ಜಾಗದಲ್ಲಿ ಕೂತೆ. ನನ್ನ ಎರಡೂ ಪಕ್ಕದ ಜಾಗಗಳು ಖಾಲಿಯಾದವು.

ಅದು ಶಾಪಗಳ ವಾರ. ಹಬ್ಬಕ್ಕೆ ಎರಡು ವಾರ ಮುಂಚೆ ಬರುವ ಆ ಪಾಠದಲ್ಲಿ ಇಡೀ ಜನತೆ ಬೆಟ್ಟಗಳೆದುರು ನಿಂತು, ಒಂದೊಂದು ಶಾಪಕ್ಕೂ ಆಮೆನ್, ಹಾಗೆಯೇ ಆಗಲಿ, ಎನ್ನುತ್ತದೆ. ಗಡಿಕಲ್ಲು ಸರಿಸಿದವನಿಗೆ ಶಾಪ, ಕುರುಡನಿಗೆ ದಾರಿ ತಪ್ಪಿಸಿದವನಿಗೆ ಶಾಪ, ವಿಧವೆಯ ನ್ಯಾಯ ಕೆಡಿಸಿದವನಿಗೆ ಶಾಪ. ಹಖಾಮರು ಓದುತ್ತ ಬಂದರು. ನೆರೆಯವನಿಗೆ ಮರೆಯಲ್ಲಿ ಪೆಟ್ಟು ಕೊಟ್ಟವನ ಶಾಪದವರೆಗೆ ಬಂದರು. ಅಲ್ಲಿ ನಿಂತರು. ಸುರುಳಿಯ ಮೇಲೆ ಬಟ್ಟೆ ಹೊದಿಸಿ ಎರಡೂ ಅಂಗೈಗಳನ್ನು ಅದರ ಮೇಲಿಟ್ಟರು.

ಓದು ತಡೆಯುವ ಹಕ್ಕು ನಮ್ಮಲ್ಲಿ ಬಹಳ ಹಳೆಯದು. ಅನ್ಯಾಯವಾದವನು ಸಭೆಯ ಮುಂದೆ ಎದ್ದು ತೋರಾದ ಓದನ್ನು ನಿಲ್ಲಿಸಬಹುದು, ಅವನ ಮಾತು ಕೇಳದೆ ಮುಂದೆ ಓದುವಂತಿಲ್ಲ. ಆದರೆ ಓದುವವನೇ ಇನ್ನೊಬ್ಬರ ಪರವಾಗಿ ಓದು ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ಸಮಿತಿಯ ಅಂದಿನ ಅಧ್ಯಕ್ಷರು ಮುರಾದ್ ಶಾಲೂಹ್. ಮೊದಲ ಸಾಲಿನಿಂದ ಎದ್ದು, “ಏನಾಯ್ತು ಹಖಾಮ್? ಅಕ್ಷರ ಏನಾದ್ರೂ ಅಳಿಸಿದೆಯಾ?” ಎಂದರು.

“ಅಕ್ಷರ ಎಲ್ಲ ಸರಿಯಾಗಿದೆ. ಆಮೆನ್ ಅನ್ನೋರು ಸರಿ ಇಲ್ಲ. ಬಹಿಯೆ ಎಲ್ಲಿ?”

“ಅದು ಸಮಿತಿ ವಿಷಯ. ಇಲ್ಲಿ ಯಾಕೆ? ಊಟದ ಹೊತ್ತಾಯ್ತು, ಓದಿ.”

“ಅವಳು ತಗೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳನ್ನ ಒಬ್ಬರೂ ಕೇಳಿಲ್ಲ ಅನ್ನೋದು ಗೊತ್ತು. ಕೇಳಿ. ಆಮೇಲೆ ಓದ್ತೀನಿ.”

ಗದ್ದಲವೆದ್ದಿತು. ಇನ್ನೊಬ್ಬರನ್ನು ಕರೆಸಿ ಓದಿಸೋಣ ಎಂದರು ಕೆಲವರು. ಹಖಾಮರು ಕೈ ತೆಗೆಯಲಿಲ್ಲ. ಒಂದು ಗಂಟೆ ಕಳೆಯಿತು, ಎರಡಾಯಿತು. ಮನೆಗಳಲ್ಲಿ ಊಟಕ್ಕೆ ಮಾಡಿಟ್ಟ ಮಾಂಸದ ಕಿಬ್ಬೆ ಕಾಯುತ್ತಿತ್ತು, ಮಕ್ಕಳು ಅಳುತ್ತಿದ್ದವು, ಒಬ್ಬರ ಮುಖ ಒಬ್ಬರು ನೋಡದೆ ಗಂಡಸರು ಬೆವರು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಮುರಾದ್ ಶಾಲೂಹ್ ತಾವೇ ನಡೆದುಹೋಗಿ ಅಮ್ಮನನ್ನು ಕರೆತಂದರು. ಅಮ್ಮ ಮನೆಯ ಚಪ್ಪಲಿಯಲ್ಲೇ ಬಂದು ಗಂಡಸರ ಸಭೆಯ ಬಾಗಿಲಲ್ಲಿ ನಿಂತಳು.

“ಬಹಿಯೆ, ದಾಳಿಂಬೆ ನೀನು ತಗೊಂಡಿಯಾ?” ಎಂದು ಅವರು ಕೇಳಿದರು.

“ಇಲ್ಲ” ಎಂದಳು ಅಮ್ಮ. “ಇಷ್ಟು ಕೇಳೋಕೆ ಬಾಯಿ ಇರಲಿಲ್ವಾ ನಿಮಗೆ? ಚೀಟಿ ಬೇಕಿತ್ತಾ? ಅದೂ ಓದೋಕೆ ಬಾರದೋಳಿಗೆ! ನನ್ನ ಮಗು ಕೈಯಲ್ಲಿ ಓದಿಸಿದ್ರಲ್ಲ, ನಿಮ್ಮ ನಾಲಿಗೆ ಸೇದಿಹೋಗ!”

ಸಬ್ಬತ್ತಿನ ದಿನ, ತೆರೆದ ತೋರಾದ ಮುಂದೆ ಅಮ್ಮ ಹಾಕಿದ ಈ ಶಾಪಕ್ಕೆ ಯಾರೂ ಆಮೆನ್ ಎನ್ನಲಿಲ್ಲ. ಹಖಾಮರು ಬಟ್ಟೆ ಸರಿಸಿ, ನಿಲ್ಲಿಸಿದಲ್ಲಿಂದ ಓದಿದರು. ಸೋಮವಾರ ಅಮ್ಮ ಕೆಲಸಕ್ಕೆ ಮರಳಿದಳು. ಕೆಲಸ ಬಂತು, ಮರ್ಯಾದೆ ಬರಲಿಲ್ಲ. ಇಲ್ಲ ಎಂದವಳ ಮಾತನ್ನು ನಂಬುವುದು ಕೇಳಿದಷ್ಟು ಸುಲಭವಲ್ಲ. ನನ್ನ ಪಕ್ಕದ ಜಾಗಗಳು ಚಳಿಗಾಲದವರೆಗೂ ಖಾಲಿಯೇ ಇದ್ದವು.

ಚಳಿಗಾಲದಲ್ಲಿ ಲಿಪಿಕಾರರು ಬಂದರು. ಬೆಳ್ಳಿ ಕಾಣೆಯಾದದ್ದು ತಿಳಿಯುವುದಕ್ಕೆ ಎರಡು ವಾರ ಮುಂಚೆ, ಓದುವಾಗ ಒಂದು ಸುರುಳಿಯಲ್ಲಿ ಅಕ್ಷರ ಬಿರುಕುಬಿಟ್ಟದ್ದು ಕಂಡು, ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದಿದ್ದರು. ದೋಷವಿರುವ ಸುರುಳಿಯ ಪೆಟ್ಟಿಗೆಯನ್ನು ಮುಚ್ಚಿ ಹೊರಗಿನಿಂದ ಬಟ್ಟೆ ಸುತ್ತಿಡುವುದು ನಮ್ಮ ಕ್ರಮ. ಲಿಪಿಕಾರರು ಬಂದು ತಿದ್ದುವವರೆಗೆ ಅದನ್ನು ಯಾರೂ ಬಿಚ್ಚುವುದಿಲ್ಲ, ಅದರತ್ತ ನೋಡುವುದೂ ಇಲ್ಲ. ಹಾಗಾಗಿ ಇಡೀ ಕಟ್ಟಡವನ್ನು ತಲೆಕೆಳಗು ಮಾಡಿ ಹುಡುಕಿದವರು ಆ ಬಟ್ಟೆಯನ್ನು ಮಾತ್ರ ಮುಟ್ಟಿರಲಿಲ್ಲ. ಲಿಪಿಕಾರರು ಬಿಚ್ಚಿದರು. ಪೆಟ್ಟಿಗೆಯ ಬುಡದಲ್ಲಿ ಎರಡು ಬೆಳ್ಳಿ ದಾಳಿಂಬೆಗಳಿದ್ದವು. ಗಡಿಬಿಡಿಯಲ್ಲಿ ಅವನ್ನು ಒಳಗಿಟ್ಟು ಮುಚ್ಚಿ ಬಟ್ಟೆ ಸುತ್ತಿದವರು ಬೇರೆ ಯಾರೂ ಅಲ್ಲ, ಅಂದು ಓದುತ್ತಿದ್ದ ಹಖಾಮ್ ಮೆನಾಷೆ ಝಫ್ರಾನಿಯವರೇ.

ಅವರು ಮೇಲಂಗಿಯನ್ನೂ ಹಾಕಿಕೊಳ್ಳದೆ ನಮ್ಮ ಮನೆಗೆ ಓಡಿಬಂದರು. ಹೊಸ್ತಿಲಲ್ಲೇ ನಿಂತು, “ಬಹಿಯೆ, ನಾನೇ. ನಾನೇ ಒಳಗಿಟ್ಟು ಮರೆತೆ. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ” ಎಂದು ಅತ್ತರು. ಅಷ್ಟು ದೊಡ್ಡವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮ ಕರಗಿದಳು ಎಂದು ಬರೆದರೆ ಸಿಹಿ ನೆನಪು ಕೇಳಿದವರಿಗೆ ಸಂತೋಷವಾದೀತು. ಅವಳು ಕರಗಲಿಲ್ಲ.

“ನಾಲ್ಕು ತಿಂಗಳು, ಹಖಾಮ್” ಎಂದಳು. “ನಾಲ್ಕು ತಿಂಗಳು ನನ್ನ ಮಗಳ ಪಕ್ಕ ಯಾರೂ ಕೂರಲಿಲ್ಲ. ನೀವಿಲ್ಲಿ ನನ್ನ ಬಾಗಿಲಲ್ಲಿ ಅತ್ತರೆ ಯಾರಿಗೆ ಕೇಳುತ್ತೆ? ಮಾತು ಎಲ್ಲಿ ಹುಟ್ಟಿತೋ ಅಲ್ಲಿ ಹೇಳಿ. ಒಂದು ಸಲ ಹೇಳಿದರೆ ಸಾಲದು. ಜನ ಕಳ್ಳತನ ನೆನಪಿಟ್ಟುಕೊಳ್ತಾರೆ, ಸಿಕ್ಕಿದ್ದು ಮರೀತಾರೆ. ಪ್ರತಿ ವರ್ಷ, ಅದೇ ವಾರ, ಹೇಳ್ತೀರಾ?”

“ಹೇಳ್ತೀನಿ. ನನ್ನ ಉಸಿರಿರೋವರೆಗೂ.”

“ಹಾಗಾದ್ರೆ ಒಳಗೆ ಬನ್ನಿ. ಚಳಿ ಇದೆ” ಎಂದಳು ಅಮ್ಮ, ಮುಖ ಸಡಿಲಿಸದೆ.

ಅಂದಿನಿಂದ ಮೂವತ್ತೇಳು ವರ್ಷ, ಶಾಪಗಳ ವಾರದ ಸಬ್ಬತ್ತಿನ ಮಧ್ಯಾಹ್ನ ಹಖಾಮರು ಹೊಸ್ತಿಲ ಕುರ್ಚಿಯಲ್ಲಿ ಕುಳಿತು ಅದೇ ಕಥೆಯನ್ನು ಹೇಳಿದರು. ಮರೆಯ ಪೆಟ್ಟೆಂದರೇನು ಎಂದು ಬೋಧಿಸಲು ಅವರು ಬೇರೆ ಉದಾಹರಣೆಯನ್ನು ಹುಡುಕಲೇ ಇಲ್ಲ. “ನಾನು ಮೆನಾಷೆ, ನಾನು ಒಳಗಿಟ್ಟೆ, ನಾನು ಮರೆತೆ, ಬಹಿಯೆ ಹೊಡೆತ ತಿಂದಳು” ಎಂದೇ ಆರಂಭಿಸುತ್ತಿದ್ದರು. ಅಧ್ಯಕ್ಷರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಚೀಟಿ ಬರೆದವರಾರೆಂದು ಹೇಳಲಿಲ್ಲ. ಮುರಾದ್ ಶಾಲೂಹ್ ಸಾಯುವ ವರ್ಷದವರೆಗೂ ಆ ಪಾಠಕ್ಕೆ ತಪ್ಪದೆ ಬಂದು ಮೊದಲ ಸಾಲಿನಲ್ಲಿ ಕೂತು ತಮ್ಮ ಬೂಟುಗಳನ್ನು ನೋಡುತ್ತಿದ್ದರು. ಒಮ್ಮೆ ಪಾಠ ಮುಗಿದ ಮೇಲೆ ಅಂಗಳಕ್ಕೆ ಬಂದು ಅಮ್ಮನಿಗೆ, “ನಾನೂ ಕೇಳಿಸ್ಕೊಂಡೆ ಬಹಿಯೆ” ಎಂದರು. “ಕಿವಿ ಚೆನ್ನಾಗಿದೆ ಅಂತಾಯ್ತು” ಎಂದಳು ಅಮ್ಮ. ಇಬ್ಬರೂ ನಕ್ಕರು. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಹಖಾಮರು ಕಥೆ ನಿಲ್ಲಿಸಲಿಲ್ಲ.

ತಂದೆ ಹೊತ್ತ ಮಾತನ್ನು ಹೊರಲು ಮಗನಿಗೆ ಆಗಲಿಲ್ಲ. ಇಂದಿನ ಅಧ್ಯಕ್ಷರು ಗಾಬಿ ಶಾಲೂಹ್. ಈ ಬೇಸಿಗೆಯಲ್ಲಿ ಅವರು ಅಂಗಳದಲ್ಲಿ ಹಖಾಮರನ್ನು ನಿಲ್ಲಿಸಿ ಆಡಿದ ಮಾತನ್ನು ಬೆಂಚಿನ ಮೇಲಿದ್ದ ನಾನು ಕಿವಿಯಾರೆ ಕೇಳಿದ್ದೇನೆ.

“ಹಖಾಮ್, ಈ ವರ್ಷದಿಂದ ಆ ಬೆಳ್ಳಿ ಕಥೆ ಸಾಕು. ಹೊಸಬರು ಬರ್ತಿದ್ದಾರೆ. ನಮ್ಮಪ್ಪನ ಹೆಸರು ಕೆಡುತ್ತೆ.”

“ನಿಮ್ಮಪ್ಪನ ಹೆಸರು ನಾನು ಯಾವತ್ತು ಹೇಳಿದೀನಿ ಗಾಬಿ? ನನ್ನ ಹೆಸರೇ ಹೇಳೋದು.”

“ಎಲ್ಲರಿಗೂ ಗೊತ್ತಲ್ಲ!”

“ಗೊತ್ತಿದ್ರೆ ನಾನು ಹೇಳದೇ ಇದ್ದರೂ ಗೊತ್ತಿರುತ್ತೆ. ಬಹಿಯೆಗೆ ಮಾತು ಕೊಟ್ಟಿದ್ದೀನಪ್ಪ.”

“ಅವಳು ಸತ್ತು ಆರು ವರ್ಷ ಆಯ್ತು!”

“ಹೌದು. ಇನ್ನು ಅವಳ ಹತ್ರ ಮಾತು ವಾಪಸ್ ಕೇಳೋಕೆ ಆಗಲ್ಲ.”

ಹತ್ತು ದಿನಗಳ ನಂತರ ಹಖಾಮರ ಮನೆಯ ಬಾಗಿಲ ಕೆಳಗಿನಿಂದ ಒಂದು ಕಾಗದ ಒಳಗೆ ತೂರಿತು. ಹೌದು, ಬಾಗಿಲ ಕೆಳಗಿನಿಂದ! ಸುದೀರ್ಘ ಸೇವೆಗೆ ಕೃತಜ್ಞತೆ, ಆರೋಗ್ಯದ ಬಗ್ಗೆ ಕಾಳಜಿ, ಇನ್ನು ವಿಶ್ರಾಂತಿ. ಮುಂದಿನ ಸಬ್ಬತ್ತಿಗೆ ಹೋದರೆ ಪಾಠದ ಕೋಣೆಗೆ ಬೀಗ ಬಿದ್ದಿತ್ತು, ಕುರ್ಚಿ ಒಳಗೇ ಉಳಿದಿತ್ತು. ಎಪ್ಪತ್ತೊಂಬತ್ತು ವರ್ಷದ ಮನುಷ್ಯ ಮುಚ್ಚಿದ ಬಾಗಿಲ ಮುಂದೆ ಬಿಸಿಲಲ್ಲಿ ಹತ್ತು ನಿಮಿಷ ನಿಂತು ಮನೆಗೆ ಹೋದರು. ಅದಾದ ಮೇಲೆ ಈ ಸಂಪುಟ, ಶಾಲು, ಸನ್ಮಾನ ಸಮಾರಂಭ! ನಾಚಿಕೆ ಎನ್ನುವುದು ಬೇಡವೇ? ತಾವೇ ಬಾಯಿ ಮುಚ್ಚಿಸಿದ ಮನುಷ್ಯನ ಕೊರಳಿಗೆ ಹಾರ ಹಾಕಲು ಕೈ ಹೇಗೆ ಏಳುತ್ತದೆ?

ಆದರೆ ಹಖಾಮರ ನಿಯಮ ನನಗೂ ಅನ್ವಯಿಸುತ್ತದೆ. ನಾನು, ಸರೀನಾ, ಬಹಿಯೆಯ ಮಗಳು, ಏನು ಮಾಡಿದೆ? ಕಾಗದ ಬಂದ ವಾರವೇ ನಮ್ಮ ಶಾಲೆಗೆ ಹಖಾಮರ ಹೆಸರಿನ ಒಂದು ಹಾರೈಕೆಯ ಪತ್ರ ಸಹಿಗಾಗಿ ಬಂತು. ‘ಅರ್ಹವಾದ ವಿಶ್ರಾಂತಿಗಾಗಿ’ ಎಂದು ಚಿನ್ನದ ಅಕ್ಷರಗಳಲ್ಲಿತ್ತು. ಗಾಬಿ ಶಾಲೂಹ್ ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದಾರೆ. ನಾನು ಸಹಿ ಹಾಕಿದೆ. ಅಂಗಳದ ಆ ಮಾತನ್ನು ಕೇಳಿದ್ದವಳು ನಾನೊಬ್ಬಳೇ, ನಾನೇ ಸುಮ್ಮನಿದ್ದೆ.

ಆಮೇಲೆ ಹಖಾಮರ ಮನೆಗೆ ಹೋಗಿ ಗಾಬಿಯನ್ನೂ ಸಮಿತಿಯನ್ನೂ ಬಾಯಿಗೆ ಬಂದಂತೆ ಬೈದೆ. ಅವರು ಏಲಕ್ಕಿ ಹಾಕಿದ ಕಾಫಿ ಸುರಿದುಕೊಟ್ಟು ಕೊನೆಯವರೆಗೂ ಕೇಳಿದರು. ನನ್ನ ಬೈಗುಳ ಮುಗಿದ ಮೇಲೆ, “ಅವರ ವಿಷಯ ಆಯ್ತು ಸರೀನಾ. ಈ ವಾರ ನೀನು ಏನು ಮಾಡಿದೆ?” ಎಂದರು. ಅವರ ಮೇಜಿನ ಮೇಲೆ ನಮ್ಮ ಹಾರೈಕೆಯ ಪತ್ರ ತೆರೆದೇ ಇತ್ತು. ನನ್ನ ಸಹಿ ಎಲ್ಲರದಕ್ಕಿಂತ ದೊಡ್ಡದಾಗಿತ್ತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಆ ಸಹಿಯನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಹಖಾಮರು ಹೆಸರುಗಳನ್ನು ಹೇಳಲಿಲ್ಲ, ನಾನು ಹೇಳಿದ್ದೇನೆ. ಅವರು ಹಖಾಮರು, ನಾನಲ್ಲ. ಈ ಸಂಪುಟ ಶುಕ್ರವಾರ ಮಧ್ಯಾಹ್ನ ಮನೆಮನೆಗೆ ತಲುಪುತ್ತದೆ. ಮರುದಿನ ಶಾಪಗಳ ವಾರದ ಸಬ್ಬತ್ತು, ಭಾನುವಾರ ಸಂಜೆ ಸನ್ಮಾನ. ದಿನ ಆಯ್ದವರಿಗೆ ಆ ವಾರ ಯಾವುದೆಂದು ನೆನಪಿರಲಿಲ್ಲವೋ, ನೆನಪಿದ್ದೇ ಆಯ್ದರೋ ನಾನರಿಯೆ.

ಸಂಪ್ರದಾಯದಂತೆ ಹಾರೈಸಿ ಮುಗಿಸಬೇಕು. ನಮ್ಮ ಪೂಜ್ಯ ಹಖಾಮ್ ಮೆನಾಷೆ ಝಫ್ರಾನಿಯವರು ನೂರಿಪ್ಪತ್ತು ವರ್ಷ ಬಾಳಲಿ, ಅವರ ಕಣ್ಣು ಮಂಜಾಗದಿರಲಿ, ದನಿ ಕುಗ್ಗದಿರಲಿ, ಅವರ ಕೆಲಸ ಮುಂದುವರಿಯಲಿ. ಈ ಕೊನೆಯ ಮಾತನ್ನು ಈ ಸಂಪುಟದ ಎಲ್ಲ ಲೇಖಕರೂ ಬರೆದಿರುತ್ತಾರೆ. ನಾನು ಅದನ್ನು ಅಕ್ಷರಶಃ ಬರೆಯುತ್ತಿದ್ದೇನೆ. ಕೆಲಸ ಮುಂದುವರಿಯಬೇಕಾದರೆ ಕೋಣೆ ತೆರೆಯಬೇಕು, ಕುರ್ಚಿ ಹೊಸ್ತಿಲಿಗೆ ಬರಬೇಕು. ಬೀಗದ ಕೈ ಗಾಬಿ ಶಾಲೂಹರ ಜೇಬಿನಲ್ಲಿದೆ.

ಶನಿವಾರ ಬೆಳಗ್ಗೆ ನಾನು ಉಪ್ಪರಿಗೆಯಲ್ಲಿ, ಕಂಬದಿಂದ ಮೂರನೆಯದಾದ ನನ್ನ ಅಮ್ಮನ ಜಾಗದಲ್ಲಿ ಇರುತ್ತೇನೆ. ಓದುವವರು ಮರೆಯ ಪೆಟ್ಟಿನ ಶಾಪದವರೆಗೆ ಬಂದಾಗ ಎದ್ದು ನಿಂತು ಓದು ನಿಲ್ಲಿಸುತ್ತೇನೆ. ಅನ್ಯಾಯವಾದವರು ಗಂಡಸೇ ಆಗಿರಬೇಕೆಂದು ಆ ಹಳೆಯ ಹಕ್ಕು ಎಲ್ಲೂ ಹೇಳಿಲ್ಲ, ಕೆಳಗಿಳಿದೇ ಕೂಗಬೇಕೆಂದೂ ಹೇಳಿಲ್ಲ. ನನ್ನ ದನಿ ಅಮ್ಮನದು, ಉಪ್ಪರಿಗೆಯಿಂದ ಚೆನ್ನಾಗಿ ಕೇಳಿಸುತ್ತದೆ. ಬೀಗದ ಕೈ ಹಖಾಮರ ಕೈಗೆ ಬರುವವರೆಗೆ ನಾನು ಕೂರುವುದಿಲ್ಲ. ಊಟಕ್ಕೆ ತಡವಾದೀತು, ಮಕ್ಕಳಿಗೆ ಏನಾದರೂ ತಿನ್ನಿಸಿಯೇ ಬನ್ನಿ.